ತಲೆಯಡಿಯ ಸ್ಪಂಜ್

ನವೆಂಬರ್ 3, ಸೋಮವಾರ. ಸಂಜೆ 7.30

ಹದಿನಾಲ್ಕು ಕೇಸ್. ಸೊಂಟ ಬಿದ್ದುಹೋಯಿತು. ಕಿಸೆಯಲ್ಲಿ ಬೀಗದ ಕೈ ಇಟ್ಟುಕೊಂಡೇ ಎಂಆರ್‌ಐ ರೂಮಿಗೆ ಹೊರಟವರು ಇಬ್ಬರು. "ಲೋಹದ್ದು ಎಂತಾದ್ರೂ ಉಂಟಾ?" ಎಂದು ಮೂರು ಸಲ ಕೇಳಿದ್ದೆ. ಮೂರು ಸಲವೂ ಇಲ್ಲ. ಇಲ್ಲ ಎನ್ನುವುದಕ್ಕೆ ಈ ಊರಿನ ಗಂಡಸರಿಗೆ ತಡವೇ ಇಲ್ಲ. ಒಬ್ಬರು ಅಜ್ಜಿ ಒಳಗೆ ಹೋದ ಎರಡೇ ನಿಮಿಷಕ್ಕೆ ಬಝರ್ ಒತ್ತಿ, "ನನ್ನನ್ನು ಜೀವ ಇರುವಾಗಲೇ ಹುಗಿದಿರಾ?" ಎಂದು ಬೈದರು. ನಗು ಬಂತು. ನಗಲಿಲ್ಲ.

ಹನ್ನೊಂದಕ್ಕೆ ಮಗು ಕೇಸ್. ರಾಜಶ್ರೀ, ಏಳು ತಿಂಗಳು. ಅಕಾಂಡ್ರೊಪ್ಲೇಸಿಯ. ಜೀನ್‌ನಲ್ಲೇ ಬರುವ ಎಲುಬಿನ ದೋಷ... ಕೈಕಾಲು ಗಿಡ್ಡ, ತಲೆ ದೊಡ್ಡದು, ಹಣೆ ಮುಂದೆ. ಬುದ್ಧಿ ಮಾತ್ರ ಚುರುಕು. ನನ್ನ ಐಡಿ ಕಾರ್ಡಿನ ದಾರ ಹಿಡಿದು ಎಳೆದದ್ದೇ ಎಳೆದದ್ದು. ಮಣಿಪಾಲದಲ್ಲಿ ಡೇಟ್ ದೂರ ಇದ್ದುದರಿಂದ ಅಲ್ಲಿಯ ಡಾಕ್ಟರೇ ಚೀಟಿ ಕೊಟ್ಟು ಅಂಬಲಪಾಡಿಗೆ, ನಮ್ಮ ಸೆಂಟರಿಗೆ ಕಳಿಸಿದ್ದು. ನಮ್ಮ ರೇಡಿಯಾಲಜಿಸ್ಟ್ ಬೆಂಜಮಿನ್ ಸರ್‌ಗೆ ಹಬ್ಬ. ಇಂಥ ಮಕ್ಕಳ ಮಿದುಳಿನ ಸ್ಕ್ಯಾನ್ ಒಟ್ಟುಮಾಡಿ ಮೆಡಿಕಲ್ ಜರ್ನಲ್‌ಗೆ ಪೇಪರ್ ಬರೆಯುತ್ತಿದ್ದಾರೆ. ಇದು ಒಂಬತ್ತನೆಯದು.

ತಾಯಿ ಲಕ್ಕವ್ವ. ಬಾಗಲಕೋಟೆ ಕಡೆಯವಳು. ಗಂಡ ಮಾನಪ್ಪನೊಂದಿಗೆ ಕಾರ್ಕಳದ ಹತ್ತಿರ ಕಲ್ಲಿನ ಕೋರೆಯಲ್ಲಿ ಕೆಲಸ. ಉಗುರಿನ ಸಂದಿಯಲ್ಲೆಲ್ಲ ಬಿಳಿ ಧೂಳು. ನಿದ್ದೆಯ ಸಿರಪ್ ಕುಡಿಸಲು ನಮ್ಮ ನರ್ಸ್ ಕಾನ್ಸೆಪ್ಟಾ ಸಿಸ್ಟರ್ ಸರ್ಕಸ್ ಮಾಡಿದರು. ಕಾಲಿನ ಹೆಬ್ಬೆರಳಿಗೆ ಆಕ್ಸಿಜನ್ ಅಳೆಯುವ ಪ್ರೋಬ್, ಅದರ ಮೇಲೆ ಟೇಪ್, ಅದರ ಮೇಲೆ ಸಾಕ್ಸ್. ಇಷ್ಟೆಲ್ಲ ಯಾಕೆಂದರೆ ಈ ಮಕ್ಕಳ ಬೆರಳು ಮೊಂಡು, ಪ್ರೋಬ್ ನಿಲ್ಲುವುದೇ ಇಲ್ಲ. ಹಿಂದಿನ ಎಂಟು ಮಕ್ಕಳಲ್ಲಿ ಆರು ಮಕ್ಕಳದ್ದು ಜಾರಿದೆ.

ತಲೆ ಅಲುಗಾಡಬಾರದೆಂದು ಅಡಿಗೆ ಕಪ್ಪು ಸ್ಪಂಜ್ ಕೊಟ್ಟೆ. ಗಲ್ಲ ಸ್ವಲ್ಪ ಕೆಳಗೆ ಬಂತು, ತಲೆ ಗಟ್ಟಿಯಾಗಿ ಕೂತಿತು. ಕತ್ತಿನ ಭಾಗ ತೆಗೆಯುವಾಗ ಮಾನಿಟರಿನಲ್ಲಿ ಆಕ್ಸಿಜನ್ ಸಂಖ್ಯೆ ಬಿತ್ತು. 96, 88, 79, 71. ಅಲಾರ್ಮ್. ಪ್ರೋಬ್ ಜಾರಿತು ಮತ್ತೆ! ಸೈಲೆಂಟ್ ಒತ್ತಿದೆ. ನಲವತ್ತು ಸೆಕೆಂಡ್ ಮಾತ್ರ ಬಾಕಿ. ನಿಲ್ಲಿಸಿದರೆ ಮೊದಲಿಂದ ಮಾಡಬೇಕು, ಅಷ್ಟರಲ್ಲಿ ಸಿರಪ್ಪಿನ ಗುಣ ಇಳಿದುಹೋಗುತ್ತದೆ. ಸಿಸ್ಟರ್ ಹೊರಗೆ ಮುಂದಿನವರಿಗೆ ಸೂಜಿ ಹಾಕುತ್ತಿದ್ದರು. ಮುಗಿದ ಮೇಲೆ ತನ್ನಿಂದ ತಾನೇ 94ಕ್ಕೆ ಬಂತು. ಲಾಗ್ ಪುಸ್ತಕದಲ್ಲಿ ಬರೆದೆ: ಪ್ರೋಬ್ ಲೂಸ್.

ಹೊರಗೆ ತಂದಾಗಲೂ ಮಗು ಸ್ಪಂಜಿನ ಮೇಲೆ ಗಪ್ಪಾಗಿ ಮಲಗಿತ್ತು. ಲಕ್ಕವ್ವನಿಗೆ ಅಚ್ಚರಿ.

"ಅಕ್ಕಾರ, ನನ್ ಕೂಸು ಇಷ್ಟ್ ಸುಮ್ಕ ಎಂದೂ ಮಲಗಿಲ್ರಿ. ಭಾಳ ಗೊರಕಿ ಹೊಡೀತೈತಿ. ಈ ದಿಂಬು ಎಲ್ಲಿ ಸಿಗತೈತ್ರಿ?"

ಅದರ ಕವರ್ ಹರಿದಿತ್ತು. ಹೇಗೂ ಎಸೆಯಬೇಕಾದದ್ದು. ತೆಗೆದುಕೊಂಡು ಹೋಗು ಎಂದು ಕೊಟ್ಟುಬಿಟ್ಟೆ. ಅವಳು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ನನಗೆ ನಾಚಿಕೆಯಾಯಿತು. ಒಳಗೊಳಗೆ ಖುಷಿಯೂ ಆಯಿತು.


ನವೆಂಬರ್ 5, ಬುಧವಾರ

ಬೆಂಜಮಿನ್ ಸರ್ ಕರೆದರು. ಏನು ತಪ್ಪಾಯಿತೋ ಎಂದು ಹೋದರೆ ಹೊಗಳಿಕೆ! ಎಂಟು ವರ್ಷದಲ್ಲಿ ಎರಡನೇ ಸಲ.

"ಇದು ಎಂತ ಇಮೇಜ್ ಮಾರಾಯ್ತಿ! ಏಳು ತಿಂಗಳ ಮಗುವಿನದ್ದು ಇಷ್ಟು ಕ್ಲೀನ್ ನಾನು ನೋಡ್ಲೇ ಇಲ್ಲ. ಉಸಿರಾಟದ ಅಲುಗಾಟ ಸಹ ಇಲ್ಲ ನೋಡು."

ಬೆರಳಿಟ್ಟು ತೋರಿಸಿದರು. ತಲೆಬುರುಡೆಯ ತಳದಲ್ಲಿ ಒಂದು ತೂತು. ಮಿದುಳಿನಿಂದ ಬೆನ್ನಿಗೆ ಹೋಗುವ ಬಳ್ಳಿ ಅಲ್ಲಿಂದಲೇ ಇಳಿಯಬೇಕು. ಈ ಮಕ್ಕಳಲ್ಲಿ ಆ ಎಲುಬೂ ಬೆಳೆಯುವುದಿಲ್ಲ, ತೂತು ಇಕ್ಕಟ್ಟು. ಬಳ್ಳಿಯ ಸುತ್ತ ಬಿಳಿಯಾಗಿ ಕಾಣಬೇಕಾದ ನೀರಿನ ಪದರ ರಾಜಶ್ರೀಗೆ ಇಲ್ಲ. ಬಳ್ಳಿ ಒತ್ತಿಕೊಂಡೂ ಒತ್ತಿಕೊಳ್ಳದ ಹಾಗೆ ಇದೆ.

"ಆಪರೇಷನ್ ಬೇಕಾ ಸರ್?" ಕೇಳಿದೆ.

"ಗಡಿಯಲ್ಲಿ ಉಂಟು. ನಿದ್ದೆಯಲ್ಲಿ ಉಸಿರು ನಿಲ್ಲುವುದು ಇದ್ದಿದ್ರೆ ಕೂಡ್ಲೇ ಮಾಡ್ಬೇಕಿತ್ತು." ಲಾಗ್ ಪುಸ್ತಕ ಎಳೆದುಕೊಂಡು ನೋಡಿದರು. "ಪ್ರೋಬ್ ಲೂಸ್... ಸರಿ. ಬೇರೆ ಎಂತ ಇಲ್ಲ ಅಲ್ವಾ?"

"ಇಲ್ಲ ಸರ್."

"ಹಾಗಾದ್ರೆ ಮೂರು ತಿಂಗಳು ನೋಡುವ ಅಂತ ಮಣಿಪಾಲಕ್ಕೆ ಬರೀತೇನೆ."

ನನಗೂ ಇಲ್ಲ ಎನ್ನುವುದಕ್ಕೆ ತಡವಾಗಲಿಲ್ಲ.

ಮನೆಗೆ, ಕಾಪುಗೆ ಬರುವ ಬಸ್ಸಿನಲ್ಲಿ ಸೀಟ್ ಸಿಕ್ಕಿತು. ಏನೋ ಒಂದು ಬಟ್ಟೆಯೊಳಗೆ ಹೊಕ್ಕ ಮರಳಿನ ಹಾಗೆ ಚುಚ್ಚುತ್ತಿತ್ತು. ಏನೆಂದು ಹುಡುಕಲಿಲ್ಲ.


ನವೆಂಬರ್ 14, ಶುಕ್ರವಾರ. ಸಂಜೆ

ಮಕ್ಕಳ ದಿನಾಚರಣೆ. ಸೆಂಟರಿನ ಬಾಗಿಲಿಗೆ ಬಲೂನ್ ಕಟ್ಟಿದ್ದರು. ಮಧ್ಯಾಹ್ನ ಬೆಂಜಮಿನ್ ಸರ್ ಪೇಪರಿನ ಸ್ಲೈಡ್ ಮಾಡಿಸಲು ಕೂರಿಸಿದರು. ಅವರು ಹೇಳುವುದು, ನಾನು ಟೈಪ್ ಮಾಡುವುದು. ಮಿದುಳಿನ ಒಳಗಿನ ನೀರಿನ ಕೋಣೆಗಳು ದೊಡ್ಡದಾಗುವುದು, ಹಣೆಯ ಹಿಂದೆ ನೀರು ನಿಲ್ಲುವುದು... ಎಲ್ಲ ಹೇಳಿ, ಕೊನೆಗೆ ಕುತ್ತಿಗೆಗೆ ಬಂದರು.

"ಇಂಥ ಮಕ್ಕಳ ಕುತ್ತಿಗೆ ಮುಂದಕ್ಕೆ ಬಗ್ಗಲೇಬಾರದು. ಗಲ್ಲ ಎದೆಗೆ ಹೋದ್ರೆ ಬಳ್ಳಿ ಆ ತೂತಿನಲ್ಲಿ ಒತ್ತುತ್ತದೆ. ಉಸಿರಾಡು ಅಂತ ಹೇಳುವ ಜಾಗವೇ ಅದು. ಮಲಗಿದಲ್ಲೇ ಹೋದ ಮಕ್ಕಳಿದ್ದಾರೆ ಹರ್ಷಿಣಿ. ಶಬ್ದವೇ ಇಲ್ಲ. ತಲೆ ಅಡಿಗೆ ದಿಂಬು ಇಡ್ಬೇಡಿ ಅಂತ ಮೊದಲ ದಿನವೇ ಹೇಳ್ಬೇಕು."

ಬೆರಳು ಕೀಬೋರ್ಡಿನ ಮೇಲೆಯೇ ನಿಂತಿತು.

"ಎಂತ ಆಯ್ತು?"

"ಸ್ಪೆಲ್ಲಿಂಗ್ ಸರ್."

ಅವರು ಚಹಾಕ್ಕೆ ಹೋದ ಮೇಲೆ ರಾಜಶ್ರೀಯ ಸ್ಕ್ಯಾನ್ ತೆಗೆದೆ. ಕತ್ತಿನ ಆ ಚಿತ್ರ. ಟೈಮ್ 11.20. ಲಾಗ್ ಪುಸ್ತಕ ತೆಗೆದೆ. ಪ್ರೋಬ್ ಲೂಸ್, 11.20.

ಅಷ್ಟು ಕ್ಲೀನ್ ಇಮೇಜ್. ಉಸಿರಾಟದ ಅಲುಗಾಟ ಸಹ ಇಲ್ಲ. ಹೇಗಿರುತ್ತದೆ? ಉಸಿರೇ ಇರಲಿಲ್ಲ.

ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ! ಪ್ರೋಬ್ ಜಾರಿದರೆ ಮಾನಿಟರಿನಲ್ಲಿ ನಾಡಿಯ ಅಲೆ ಮುರಿಯುತ್ತದೆ, ಗೀಚಿದ ಹಾಗೆ ಬರುತ್ತದೆ. ಕಲಿಯಲು ಬಂದ ಹುಡುಗಿಯರಿಗೆ ನಾನೇ ಹೇಳಿಕೊಡುವ ಮೊದಲ ಪಾಠ. ಆ ದಿನ ಸಂಖ್ಯೆ ಬೀಳುತ್ತಿತ್ತು, ಅಲೆ ಸರಿಯಾಗಿಯೇ ಇತ್ತು. ನೋಡಿದ್ದೆ. ಹೊರಗೆ ತಂದಾಗ ಸಾಕ್ಸ್ ಇದ್ದಲ್ಲೇ ಇತ್ತು. ಟೇಪೂ ಬಿಟ್ಟಿರಲಿಲ್ಲ. ಅದನ್ನೂ ನೋಡಿದ್ದೆ.

ಸ್ಪಂಜ್ ಈಗ ಎಲ್ಲಿದೆ? ಲಕ್ಕವ್ವನ ಗುಡಿಸಲಿನಲ್ಲಿ. ಮಗುವಿನ ತಲೆಯಡಿ.


ನವೆಂಬರ್ 15, ಶನಿವಾರ

ಫಾರ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ಡ್ ಆಫ್.

ಸತ್ಯ ಬರೆಯಬೇಕು. ಮೊದಲು ಬಂದದ್ದು ಸಮಾಧಾನ.


ನವೆಂಬರ್ 17, ಸೋಮವಾರ

ಬೆಂಜಮಿನ್ ಸರ್ ಪೇಪರಿನಲ್ಲಿ ನನ್ನ ಹೆಸರು ಹಾಕುತ್ತಾರಂತೆ. ಕೊನೆಯಲ್ಲಿ ಧನ್ಯವಾದ ಎಂದಲ್ಲ, ಮೇಲೆ, ಡಾಕ್ಟರುಗಳ ಸಾಲಿನಲ್ಲಿ. ಟೆಕ್ನಿಷಿಯನ್ ಹೆಸರು ಯಾರು ಹಾಕುತ್ತಾರೆ? ಆ ಇಮೇಜಿಗೋಸ್ಕರ ಅಂತೆ. ಅಮ್ಮನಿಗೆ ಹೇಳಬಾರದಿತ್ತು. ಸಂಜೆಯೊಳಗೆ ಅರ್ಧ ಕಾಪುಗೆ ಗೊತ್ತಾಗಿದೆ. "ನಮ್ಮ ಹರ್ಷಿಣಿಯ ಹೆಸರು ಪೇಪರಿನಲ್ಲಿ ಬರ್ತದೆ" ಎಂದು ಮೀನಿನವಳಿಗೂ ಹೇಳಿದ್ದಾರೆ. ಯಾವ ಪೇಪರ್, ನಾಳೆಯೇ ಬರ್ತದಾ ಎಂದು ಅವಳು ಕೇಳಿದಳಂತೆ.

ನಾಳೆ ಹೇಳುತ್ತೇನೆ ಸರ್‌ಗೆ. ನಾಳೆ ಖಂಡಿತ.


ನವೆಂಬರ್ 18

ಹೇಳಲಿಲ್ಲ. ರಶ್.


ನವೆಂಬರ್ 23, ಭಾನುವಾರ. ಮಧ್ಯಾಹ್ನ

ಊಟವಾದ ಮೇಲೆ ಅಮ್ಮ ಚಾವಡಿಯಲ್ಲಿ ಅಡ್ಡವಾದರು. ಗೊರಕೆ. ನಡುವೆ ಒಮ್ಮೆ ನಿಂತಿತು. ಎಣಿಸಿದೆ. ಒಂದು, ಎರಡು, ಮೂರು... ಏಳಕ್ಕೆ ಎದ್ದುಹೋಗಿ ಭುಜ ಹಿಡಿದು ಅಲುಗಾಡಿಸಿದೆ.

"ಎಂತ ಮಾರಾಯ್ತಿ, ಹಾವು ಬಂತಾ?"

"ಉಸಿರು ನಿಂತ ಹಾಗೆ ಆಯ್ತು."

"ನಿನ್ನ ಬಾಯಿಗೆ ಬೆಂಕಿ ಹಾಕ! ನಿದ್ದೆ ಮಾಡ್ಲಿಕ್ಕೂ ಬಿಡುದಿಲ್ಲ."

ಒಂದು ವಾರದಿಂದ ಇದೇ ಕೆಲಸ. ಬಸ್ಸಿನಲ್ಲಿ ತೂಕಡಿಸುವವರ ಎದೆ ನೋಡುತ್ತೇನೆ. ಏರಬೇಕು, ಇಳಿಯಬೇಕು. ಅಮ್ಮ ಎಬ್ಬಿಸಿದರೆ ಬೈಯುತ್ತಾರೆ. ಆ ಮಗುವನ್ನು ಎಬ್ಬಿಸುವವರಿಲ್ಲ. ಸುಮ್ಮನೆ ಮಲಗಿದೆ ಎಂದು ಲಕ್ಕವ್ವ ಖುಷಿಯಲ್ಲಿ ಕಲ್ಲು ಹೊರುತ್ತಿರುತ್ತಾಳೆ.

ನಂಬರ್ ಇನ್ನೂ ಸ್ವಿಚ್ಡ್ ಆಫ್. ಇಪ್ಪತ್ತನೇ ಸಲವೋ ಏನೋ.


ನವೆಂಬರ್ 24, ಸೋಮವಾರ

ಟಿಫಿನ್ ಹೊತ್ತಿಗೆ ಕಾನ್ಸೆಪ್ಟಾ ಸಿಸ್ಟರ್ ಎದುರು ಬಾಯಿಬಿಟ್ಟೆ. ಸಿಸ್ಟರ್‌ಗೆ ಅರವತ್ತರ ಹತ್ತಿರ. ನನಗೆ ಇಲ್ಲಿ ಕೆಲಸ ಕಲಿಸಿದವರೇ ಅವರು. ಡಬ್ಬದ ಮುಚ್ಚಳ ಹಾಕಿದರು. ಒಂದು ತುತ್ತು ತಿಂದಿರಲಿಲ್ಲ.

"ನಾನು ಹಾಕಿದ ಪ್ರೋಬ್ ಜಾರ್ಲಿಲ್ಲ ಅಂತ ನಂಗೆ ಗೊತ್ತಿತ್ತು. ನೀನು ಬರೆದದ್ದು ಓದಿ, ವಯಸ್ಸಾಯ್ತು, ಕೈ ಸೋತಿತು ಅಂದ್ಕೊಂಡೆ." ಡಬ್ಬವನ್ನು ಚೀಲಕ್ಕೆ ತುರುಕಿದರು. "ಯಾವಾಗ ಗೊತ್ತಾಯ್ತು ನಿಂಗೆ?"

"ಹದಿನಾಲ್ಕಕ್ಕೆ."

"ಹತ್ತು ದಿನ! ಹತ್ತು ದಿನ ಬಾಯಿಗೆ ಎಂತ ತುಂಬಿಸಿಕೊಂಡಿದ್ದೆ ನೀನು? ನಿನ್ನ ಅಕ್ಕನ ಮಗು ಆಗಿದ್ರೆ ಹತ್ತು ನಿಮಿಷ ಇರ್ತಿದ್ಯಾ?"

ಅತ್ತೆ. ಅದಕ್ಕೂ ಬೈದರು. "ಅಳುದು ಮತ್ತೆ. ಏಳು, ಡಾಕ್ಟ್ರತ್ರ ನಡಿ."

ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಆ ಚಿತ್ರವನ್ನು ಮತ್ತೆ ತೆರೆದು ನೋಡಿದರು. ಅದನ್ನು ಹೊಗಳಿದ್ದು ಅವರಿಗೂ ನೆನಪಾಗಿರಬೇಕು.

"ದಿಂಬು ಕೊಟ್ಟದ್ದು ನೀನೇನಾ?"

"ಹೌದು ಸರ್."

ಅಲ್ಲಿಯೇ ಮಣಿಪಾಲಕ್ಕೆ ಫೋನ್. ಅಲ್ಲಿಯವರು ಹೇಳಿದ್ದು ಒಂದೇ ಮಾತು: ಮಗುವನ್ನು ಸಿಕ್ಕಿದ ಕೂಡಲೇ ಕರೆತನ್ನಿ, ಥಿಯೇಟರ್ ರೆಡಿ ಇಡುತ್ತೇವೆ, ಕುತ್ತಿಗೆ ಬಗ್ಗಿಸಬೇಡಿ. ಆಪರೇಷನ್ ಮಾಡಿದರೆ ಮಗು ಚೆನ್ನಾಗಿರುತ್ತದೆ, ಶಾಲೆಗೆ ಹೋಗುತ್ತದೆ, ಎಲ್ಲ ಮಕ್ಕಳ ಹಾಗೆ ಗಲಾಟೆ ಮಾಡುತ್ತದೆ. ಎಲ್ಲರೂ ಒಪ್ಪಿದ್ದಾರೆ. ಮಗು ಎಲ್ಲಿದೆ ಎಂದು ಮಾತ್ರ ಗೊತ್ತಿಲ್ಲ.

ಲಾಗ್ ಪುಸ್ತಕದಲ್ಲಿ "ಪ್ರೋಬ್ ಲೂಸ್" ಹೊಡೆದುಹಾಕಿ, ಪಕ್ಕದಲ್ಲಿ ಆದದ್ದನ್ನು ಬರೆದು ಸೈನ್ ಹಾಕಿದೆ. ಇಂದಿನ ತಾರೀಕು ಹಾಕಿದೆ. ಮೂರನೇ ತಾರೀಕಿನ ಪುಟದಲ್ಲಿ ಇಪ್ಪತ್ತನಾಲ್ಕು ಎಂದು ಬರೆಯುವಾಗ ಪೆನ್ನು ಮುಂದೆ ಹೋಗಲಿಲ್ಲ.


ನವೆಂಬರ್ 26, ಬುಧವಾರ. ಕಾರ್ಕಳ ಬಸ್ ಸ್ಟ್ಯಾಂಡ್, 4.10

ನಿನ್ನೆಯಿಡೀ ಫೋನ್. ಪೊಲೀಸರಿಗೂ ಸರ್ ಹೇಳಿದ್ದಾರೆ. ಇವತ್ತು ರಜೆ ಹಾಕಿ ನಾನೂ ಸಿಸ್ಟರೂ ಬಂದೆವು. ಆಟೋದವನಿಗೆ ಕೋರೆ ಗೊತ್ತಿತ್ತು. ಹೋದರೆ ಗುಂಡಿ ಮಾತ್ರ. ಮೆಷಿನ್ ಇಲ್ಲ, ಜನ ಇಲ್ಲ. ಆರು ದಿನದ ಹಿಂದೆ ಕೆಲಸ ನಿಂತಿದೆ. ಅಲ್ಲಿಯವರೆಗೂ ಮಗು ಇಲ್ಲೇ ಇತ್ತು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದೂರ. ಹದಿನಾಲ್ಕಕ್ಕೆ ಹೊರಟಿದ್ದರೆ ಹದಿನೈದಕ್ಕೆ ಮಗು ಮಣಿಪಾಲದಲ್ಲಿ ಇರುತ್ತಿತ್ತು. ಈ ಲೆಕ್ಕವನ್ನು ದಾರಿಯುದ್ದಕ್ಕೂ ಮಾಡಿದೆ, ಎಷ್ಟು ಸಲ ಮಾಡಿದರೂ ಅಷ್ಟೇ.

ತಗಡಿನ ಶೆಡ್ ಒಂದರಲ್ಲಿ ಒಬ್ಬ ಮುದುಕಿ ಉಳಿದಿದ್ದಳು. ಲಕ್ಕವ್ವನ ಕಡೆಯವಳೇ.

"ಹೆಬ್ರಿ ಕಡಿಗೆ ಹೋದ್ರವ್ವ, ಕ್ರಷರ್ ಕೆಲಸಕ್ಕ. ಯಾವ ಕ್ರಷರ್ ಅಂತ ನಂಗ ಗೊತ್ತಿಲ್ಲ. ಮಾನಪ್ಪನ ಫೋನ್ ಗುಂಡಿ ನೀರಾಗ ಬಿದ್ದು ಹಾಳಾಗಿತ್ತು."

"ಮಗು ಹೇಗಿತ್ತು ಅಜ್ಜಿ?"

"ಚಲೋ ಇತ್ತು. ಭಾಳ ನಗಿ ಅದರ ಮಾರಿ. ಮಲಗಿದ್ರ ಗೊರಕಿ ಹೊಡೀತಿತ್ತು, ನಡುವ ಗಪ್ ಆಗ್ತಿತ್ತು. ಆಮ್ಯಾಲ ಬೆಚ್ಚಿ ಏಳ್ತಿತ್ತು."

"ಕಪ್ಪು ದಿಂಬು ಒಂದು..."

"ಹೂಂ, ಆಸ್ಪತ್ರಿ ದಿಂಬು! ಲಕ್ಕಿ ಯಾರ್ಗೂ ಮುಟ್ಟಾಕ ಬಿಡ್ತಿದ್ದಿಲ್ಲ. ಸೀರಿ ಜೋಳಿಗ್ಯಾಗ ಅದನ್ನ ಹಾಕಿ ಮಲಗಿಸಿ ಕೆಲಸಕ್ಕ ಹೋಗಾಕಿ."

ಸೀರೆಯ ಜೋಳಿಗೆ. ಅದರಲ್ಲಿ ಮೊದಲೇ ಮೈ ಬಾಗುತ್ತದೆ. ಮೇಲಿಂದ ನನ್ನ ಸ್ಪಂಜ್. ಸಿಸ್ಟರ್ ಮತ್ತೊಂದು ಕಡೆ ತಿರುಗಿ ಶಿಲುಬೆ ಗುರುತು ಮಾಡಿಕೊಂಡರು.

ಲಕ್ಕವ್ವ ಹೊಸ ಸಿಮ್ ತೆಗೆದುಕೊಂಡಿದ್ದಾಳೆ. ಮುದುಕಿಯ ಫೋನಿನಲ್ಲಿ ನಂಬರ್ ಸಿಕ್ಕಿತು. ಒಂದು ಗಂಟೆಯಿಂದ ಮಾಡುತ್ತಿದ್ದೇನೆ. ವ್ಯಾಪ್ತಿ ಪ್ರದೇಶದ ಹೊರಗೆ, ವ್ಯಾಪ್ತಿ ಪ್ರದೇಶದ ಹೊರಗೆ. ರೆಕಾರ್ಡ್ ಮಾಡಿದ ಆ ಹೆಂಗಸಿನ ದನಿ ಕೇಳಿದರೆ ಕಪಾಳಕ್ಕೆ ಹೊಡೆಯಬೇಕು ಎನಿಸುತ್ತದೆ.


ನವೆಂಬರ್ 27, ಗುರುವಾರ

10.40. ಸರ್ ತಮ್ಮ ಕಾರ್ ಕೊಟ್ಟು ಸಿಸ್ಟರನ್ನು ಬೆಳಿಗ್ಗೆ ಏಳಕ್ಕೇ ಹೆಬ್ರಿಗೆ ಕಳಿಸಿದ್ದಾರೆ. ಇಲ್ಲಿ ಬೇರೆ ಟೆಕ್ನಿಷಿಯನ್ ಇಲ್ಲ, ನಿನ್ನೆಯ ಹಾಗೆ ಇವತ್ತೂ ಸ್ಕ್ಯಾನ್ ನಿಲ್ಲಿಸುವಂತಿಲ್ಲ ಎಂದು ನಾನು ಮೆಷಿನ್ ಹತ್ತಿರ. ಸಿಸ್ಟರ್ ಫೋನ್ ಬಂತು. ಎರಡು ಕ್ರಷರ್ ನೋಡಿಯಾಯಿತು, ಇಲ್ಲ. ಮೂರನೆಯದಕ್ಕೆ ಹೋಗುತ್ತಿದ್ದಾರೆ. ನಾನು ಪ್ರತಿ ಹತ್ತು ನಿಮಿಷಕ್ಕೆ ಡಯಲ್.

11.00. ವ್ಯಾಪ್ತಿ ಪ್ರದೇಶದ ಹೊರಗೆ.

11.10. ಅದೇ.

11.19. ರಿಂಗ್ ಆಗುತ್ತಿದೆ!

11.20. ಲಕ್ಕವ್ವ. ನೀರು ತರಲು ಗುಡ್ಡದ ಮೇಲೆ ಬಂದದ್ದರಿಂದ ಸಿಗ್ನಲ್ ಸಿಕ್ಕಿತಂತೆ. ದನಿ ಕೇಳಿ ಗುರುತು ಹಿಡಿದಳು. "ಅಂಬಲಪಾಡಿ ಅಕ್ಕಾರಾ? ಆರಾಮದೀರೇನ್ರಿ?" ಮಗು ಎಲ್ಲಿ ಎಂದೆ. "ಮಲಗ್ಯಾಳ್ರಿ. ಒಂಬತ್ತಕ್ಕ ಮಲಗಿಸೀನಿ, ಇನ್ನೂ ಎದ್ದಿಲ್ಲ. ಗೊರಕೀನೂ ಇಲ್ರಿ ಇವತ್ತ. ಚಲೋ ನಿದ್ದಿ."

11.22. ಕಿರುಚಿದೆನೋ ಏನೋ. ಹೊರಗಿನ ಪೇಷೆಂಟ್‌ಗಳು ಗಾಜಿನಿಂದ ನೋಡುತ್ತಿದ್ದಾರೆ. ಸ್ಪಂಜ್ ತೆಗಿ, ಮಗುವನ್ನು ಎಬ್ಬಿಸು, ಓಡು ಎಂದೆ. "ಮಣಿಪಾಲದಾಗ ದಿಂಬು ಇಡಬ್ಯಾಡ ಅಂದಿದ್ರು ಅಕ್ಕಾರ. ಇದು ಮೆಷಿನ್ನಿನ ದಿಂಬು, ನೀವ ಕೊಟ್ಟದ್ದು... ಅದಕ್ಕ ಇಟ್ಟೆ."

11.23. ಓಡುತ್ತಿದ್ದಾಳೆ. ಫೋನ್ ಕೈಯಲ್ಲೇ ಇದೆ. ಬಿಂದಿಗೆ ಬಿದ್ದ ಶಬ್ದ. ಅವಳ ಉಸಿರು ಕೇಳುತ್ತಿದೆ, ಜೋರಾಗಿ. ಕ್ರಷರಿನ ಹೆಸರು ಹೇಳಿದಳು. ಡೆಸ್ಕಿನ ಫೋನಿನಿಂದ ಸಿಸ್ಟರ್‌ಗೆ ಹೇಳಿದೆ. ಹತ್ತು ನಿಮಿಷದ ದಾರಿ ಅಂತೆ. ಸರ್ ಬಂದು ಪಕ್ಕದಲ್ಲಿ ನಿಂತಿದ್ದಾರೆ. ಸ್ಪೀಕರ್ ಹಾಕಿದ್ದೇನೆ. ಟೈಮ್ ಹಾಕಿ ಬರೆಯುವುದೊಂದೇ ನನಗೆ ಗೊತ್ತಿರುವ ಕೆಲಸ.

11.25. ಇನ್ನೂ ಲೈನಿನಲ್ಲಿದ್ದಾಳೆ. ಸಿಗ್ನಲ್ ಹೋಗಬಾರದು. ದೇವರೇ, ಹೋಗಬಾರದು.

11.26. ಶೆಡ್ಡಿಗೆ ಬಂದಳು. ಫೋನ್ ಎಲ್ಲಿಯೋ ಇಟ್ಟ ಶಬ್ದ. ಕುತ್ತಿಗೆ ಬಗ್ಗಿಸಬೇಡ ಎಂದು ಸರ್ ಕೂಗಿ ಹೇಳುತ್ತಿದ್ದಾರೆ. ಅವಳಿಗೆ ಕೇಳಿಸುತ್ತಿದೆಯೋ ಇಲ್ಲವೋ.

ಕರೆಯುತ್ತಿದ್ದಾಳೆ. "ರಾಜೀ."

"ರಾಜೀ, ಏಳವ್ವಾ. ಏಳ ಬಂಗಾರ."

11.27. ಸೀರೆ ಹರಿದ ಶಬ್ದ. ಏನೋ ನೆಲಕ್ಕೆ ಬಿತ್ತು, ಮೆತ್ತಗೆ. ಸ್ಪಂಜ್ ಇರಬೇಕು.

"ರಾಜೀ."

ಮತ್ತೆ ಕರೆಯುತ್ತಿದ್ದಾಳೆ. ಈ ಸಲ ಹೆಸರಲ್ಲ, ಬರೀ ಕೂಗು. ಮಗುವಿನ ದನಿ ಇಲ್ಲ.